ನವೆಯೂ ನಸುಗುನ್ನಿಯೂ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಕಡೆ ಸುಗ್ಗಿಯಲ್ಲಿ ರಾಗಿಯ ಕಣದಿಂದ ಮನೆಗೆ ಬಂದವರು ಮೊದಲು ಕೇಳುವುದು ಸ್ನಾನಕ್ಕೆ ನೀರು. ಹೊಟ್ಟಿನ ದೂಳು ಹತ್ತಿ ಮೈಯೆಲ್ಲ ನವೆ. ಇಷ್ಟು ಪರಿಚಿತವಾದ ಈ ಅನುಭವವನ್ನು ವೈದ್ಯಶಾಸ್ತ್ರವು ಬಹುಕಾಲ ನೋವಿನದೇ ಒಂದು ಕ್ಷೀಣರೂಪವೆಂದು ಎಣಿಸಿತ್ತು. ಆಡುಮಾತಾದರೋ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿತು. ಕೆಂಡ ಸೋಕಿದ ಕೈಯನ್ನು ನಾವು ಹಿಂದಕ್ಕೆ ಸೆಳೆದುಕೊಳ್ಳುತ್ತೇವೆ. ನವೆಯಾದೆಡೆಗೆ ಕೈ ತಾನಾಗಿಯೇ ಹೋಗುತ್ತದೆ. ತುರಿಸಿಕೊಳ್ಳುವ ಬಯಕೆಯನ್ನು ಹುಟ್ಟಿಸುವ ಅಹಿತ ಸಂವೇದನೆಯೇ ನವೆಯೆಂದು ಜರ್ಮನಿಯ ವೈದ್ಯ ಹಾಫೆನ್‌ರೆಫರನು 1660ರಷ್ಟು ಹಿಂದೆಯೇ ನಿರೂಪಿಸಿದ್ದನು.

ಈ ಬಯಕೆಗೆ ಪ್ರಯೋಜನವುಂಟು. ಚರ್ಮಕ್ಕೆ ಹತ್ತಿದ ಹುಳು, ಮುಳ್ಳುರೋಮ ಮೊದಲಾದವನ್ನು ಕೈ ಕೆರೆದು ತೆಗೆಯಬಲ್ಲುದು. ಕೈಗೆಟುಕದ ಜಠರಕ್ಕೆ ನೋವುಂಟು, ನವೆಯಿಲ್ಲ.

ಸೊಳ್ಳೆ ಕಚ್ಚಿದಾಗ ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮೀನ್ ಎಂಬ ದ್ರವ್ಯವನ್ನು ಹೊರಬಿಡುತ್ತವೆ. ಅದು ಅತಿ ತೆಳುವಾದ ನರತಂತುಗಳ ತುದಿಯನ್ನು ಕೆರಳಿಸಲು, ಸುದ್ದಿಯು ಸೆಕೆಂಡಿಗೆ ಸುಮಾರು ಅರ್ಧ ಮೀಟರಿನ ಮಂದಗತಿಯಲ್ಲಿ ಬೆನ್ನುಹುರಿಗೆ ಸಾಗಿ, ಅಲ್ಲಿಂದ ಮಿದುಳನ್ನು ಮುಟ್ಟುತ್ತದೆ. ಮನುಷ್ಯನಲ್ಲಿ ಇಂಥ ತಂತುಗಳಿರುವುದು 1997ರಲ್ಲಿ ಪ್ರಯೋಗದಿಂದ ತಿಳಿಯಿತು.

ಹಾಗಾದರೆ ಎಲ್ಲ ನವೆಗೂ ಹಿಸ್ಟಮೀನೇ ಕಾರಣವೆ? ಅಲ್ಲವೆಂದು ತೋರಿಸಿಕೊಟ್ಟದ್ದು ಕನ್ನಡನಾಡಿನ ಕಾಡುಪೊದೆಗಳಲ್ಲಿ ಹಬ್ಬುವ ನಸುಗುನ್ನಿ. ಸಂಸ್ಕೃತದಲ್ಲಿ ಇದಕ್ಕೆ 'ಕಪಿಕಚ್ಛು', ಅಂದರೆ ಕೋತಿಗೆ ನವೆ ತರುವುದು, ಎಂದೂ 'ಆತ್ಮಗುಪ್ತಾ', ಅಂದರೆ ತನ್ನನ್ನು ತಾನೇ ಕಾಪಾಡಿಕೊಳ್ಳುವುದು, ಎಂದೂ ಹೆಸರುಂಟು. ಇದರ ಕಾಯಿಯ ರೋಮಗಳಲ್ಲಿ ಪ್ರೋಟೀನನ್ನು ಸೀಳುವ ಕಿಣ್ವವೊಂದು ನವೆಗೆ ಕಾರಣವೆಂದು ಅಮೆರಿಕದ ಷೆಲ್ಲಿ ಮತ್ತು ಆರ್ಥರ್ ಅವರು 1955ರಲ್ಲಿ ಪ್ರತಿಪಾದಿಸಿ ಅದಕ್ಕೆ 'ಮ್ಯೂಕುನೇನ್' ಎಂದು ಹೆಸರಿಟ್ಟರು. ಅದು ಹಿಸ್ಟಮೀನಿನದಲ್ಲದ ಬೇರೆ ಗ್ರಾಹಕಗಳನ್ನು ಪ್ರಚೋದಿಸುವುದೆಂದು 2008ರಲ್ಲಿ ತಿಳಿದುಬಂದಿತು. ಹಿಸ್ಟಮೀನ್ ನಿರೋಧಕ ಔಷಧವನ್ನು ಮೊದಲೇ ಕೊಟ್ಟಿದ್ದರೂ ನಸುಗುನ್ನಿಯ ನವೆ ತಗ್ಗದು. ಆದುದರಿಂದ ನವೆಯ ಹಾದಿ ಒಂದಲ್ಲ, ಕನಿಷ್ಠ ಎರಡು.

ಇದು ಬರಿಯ ಕುತೂಹಲದ ವಿಷಯವಲ್ಲ. ಮೂತ್ರಪಿಂಡ ಅಥವಾ ಯಕೃತ್ತು ಕೆಟ್ಟವರನ್ನು ರಾತ್ರಿಯೆಲ್ಲ ಕಾಡುವ ನವೆ ಸಾಮಾನ್ಯವಾಗಿ ಹಿಸ್ಟಮೀನ್ ನಿರೋಧಕ ಗುಳಿಗೆಗಳಿಗೆ ಬಗ್ಗುವುದಿಲ್ಲ. ತುರಿಸಿದಾಗ ಹುಟ್ಟುವ ಸಣ್ಣ ನೋವು ಬೆನ್ನುಹುರಿಯಲ್ಲಿ ನವೆಯನ್ನು ಕ್ಷಣಕಾಲ ಅಡಗಿಸುತ್ತದೆ. ಆದರೆ ಗಾಯಗೊಂಡ ಚರ್ಮವು ಉರಿಯೂತದಿಂದ ಮತ್ತಷ್ಟು ನವೆಯನ್ನು ಹುಟ್ಟಿಸುತ್ತದೆ. ಅಂಥವರಿಗೆ 'ತುರಿಸಿಕೊಳ್ಳಬೇಡ' ಎಂಬ ಬುದ್ಧಿವಾದವೊಂದೇ ಸಾಲದು. ಯಾವ ಹಾದಿಯ ನವೆಯೆಂದು ಅರಿತು ಮಾಡುವ ಚಿಕಿತ್ಸೆ ಬೇಕು. ಕಪಿಕಚ್ಛುವೆಂದು ಹೆಸರಿಟ್ಟವರಿಗೆ ಕಿಣ್ವದ ವಿಚಾರ ತಿಳಿದಿರಲಿಲ್ಲ. ಆದರೆ ಅವರು ಗುರುತಿಸಿದ ಗಿಡವೇ ಈ ಅರಿವಿಗೆ ದಾರಿ ತೋರಿತೆಂಬುದು ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಗಮನಾರ್ಹವಾಗಿ ಕಾಣುತ್ತದೆ.