ಕೌದಿ ಅರಿವೆಯ ಪೆಟ್ಟಿಗೆಯಲ್ಲಿ ಎಷ್ಟು ನೀರಿದೆ?

ಹುಕ್ಕೇರಿ ತಾಲ್ಲೂಕಿನ ಕಣಗಲಾ ಮಹಾರಾಷ್ಟ್ರದ ಗಡಿಗೆ ಸಮೀಪದ ಊರು. ಇಲ್ಲಿ ಕೆಲವರು ಕೌದಿ ಎನ್ನುವುದನ್ನೇ ಗಡಿಯಾಚೆ ಗೋಧಡಿ ಎನ್ನುತ್ತಾರೆ. ಹೆಸರು ಯಾವುದಾದರೂ ಸಾಮಗ್ರಿ ಒಂದೇ: ಹಳೆಯ ಸೀರೆ, ಧೋತರ, ಕುಬಸದ ತುಂಡು, ದರ್ಜಿಯ ಅಂಗಡಿಯಲ್ಲಿ ಉಳಿದ ಚೂರು. ಒಂದು ಕೌದಿಗೆ ಬೇಕಾಗುವಷ್ಟು ಅರಿವೆ ಒಂದೇ ದಿನದಲ್ಲಿ ಕೂಡುವುದಿಲ್ಲ. ವರ್ಷಗಟ್ಟಲೆ ಗಂಟು ಕಟ್ಟಿ ಟ್ರಂಕಿನಲ್ಲಿ ಇಡಬೇಕಾಗುತ್ತದೆ. ಹೊಲಿಯಲು ಬಿಚ್ಚಿದಾಗ ಕೆಲವು ತುಂಡುಗಳಲ್ಲಿ ಕಪ್ಪು ಚುಕ್ಕೆ, ಕೆಲವದರಲ್ಲಿ ತೂತು, ಇನ್ನು ಕೆಲವು ಕೈಯಲ್ಲಿ ಹಿಡಿದರೆ ಹರಿಯುವಷ್ಟು ಜೀರ್ಣ. ಮುಚ್ಚಿದ ಪೆಟ್ಟಿಗೆಯೊಳಗೆ ಹೀಗೇಕೆ ಆಗುತ್ತದೆ?

ಬೂಷ್ಟಿನ ಬೀಜಾಣುಗಳು ಎಲ್ಲ ಕಡೆಯ ಗಾಳಿಯಲ್ಲೂ ಇರುತ್ತವೆ. ಅವು ಮೊಳೆಯಲು ತೇವ ಬೇಕು. ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಬಹುಕಾಲ ಶೇಕಡಾ 65-70ನ್ನು ಮೀರಿದರೆ ಹತ್ತಿ ಬಟ್ಟೆಯ ಮೇಲೆ ಶಿಲೀಂಧ್ರ ಬೆಳೆಯಬಲ್ಲದು. ಹತ್ತಿಯ ಎಳೆ ಎಂದರೆ ಬಹುಪಾಲು ಸೆಲ್ಯುಲೋಸ್. ಅದನ್ನು ಒಡೆಯುವ ಕಿಣ್ವ ಹಲವು ಶಿಲೀಂಧ್ರಗಳಲ್ಲಿದೆ. ಕಪ್ಪು ಚುಕ್ಕೆಯ ಜಾಗದಲ್ಲೇ ಬಟ್ಟೆ ಸಡಿಲವಾಗುವುದು ಇದರಿಂದ.

ಮಳೆಗಾಲದ ಗಾಳಿ ಒಳಗೆ ಬರದಂತೆ ಟ್ರಂಕನ್ನು ಬಿಗಿಯಾಗಿ ಮುಚ್ಚಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಡುತ್ತದೆ. ಟ್ರಂಕಿನ ಗಾತ್ರ 100 ಲೀಟರ್ ಎಂದುಕೊಳ್ಳಿ. ಅದು ಖಾಲಿಯಿದ್ದು, ಒಳಗಿನ ಗಾಳಿ ಪೂರ್ತಿ ಸಂತೃಪ್ತವಾಗಿದ್ದರೂ ಅದರಲ್ಲಿರುವ ನೀರು 2.3 ಗ್ರಾಂ, ಅರ್ಧ ಚಮಚೆಯಷ್ಟು. ಈಗ ಅದರಲ್ಲಿ 10 ಕಿಲೋಗ್ರಾಂ ಹತ್ತಿ ಅರಿವೆ ತುಂಬಿ. ಮುಟ್ಟಿದರೆ ಒಣಗಿದೆ ಎನಿಸುವ ಹತ್ತಿಯಲ್ಲೂ, ಶೇಕಡಾ 65 ಆರ್ದ್ರತೆಯಲ್ಲಿ, ಅದರ ಒಣ ತೂಕದ ಶೇಕಡಾ 7-8ರಷ್ಟು ನೀರಿರುತ್ತದೆ. ಅಂದರೆ 700 ಗ್ರಾಂಗೂ ಹೆಚ್ಚು! ಜಡಿಮಳೆಯ ದಿನಗಳಲ್ಲಿ ಇದು ಶೇಕಡಾ 12ರ ಆಸುಪಾಸಿಗೆ ಏರಬಹುದು.

ಆದುದರಿಂದ ಪೆಟ್ಟಿಗೆಯ ಒಳಗಿನ ಹವೆಯನ್ನು ನಿರ್ಧರಿಸುವುದು ಅಲ್ಲಿಯ ಗಾಳಿಯಲ್ಲ, ಅರಿವೆ. ಶ್ರಾವಣದಲ್ಲಿ ಮಡಚಿ ಬಿಗಿಯಾಗಿ ಮುಚ್ಚಿದ ಟ್ರಂಕಿನೊಳಗೆ ಬೇಸಿಗೆ ಬಂದರೂ ಶ್ರಾವಣವೇ ಇರುತ್ತದೆ. ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಹರವಿ ತುಂಬಿಟ್ಟ ಅರಿವೆ ಮಾತ್ರ ಮಳೆಗಾಲದಲ್ಲಿ ಅಷ್ಟಿಷ್ಟು ನುಸುಳುವ ತೇವವನ್ನು ತಾನೇ ಹೀರಿಕೊಂಡು ಪೆಟ್ಟಿಗೆಯನ್ನು ಬಹುಕಾಲ ಒಣಗಿಸಿಡುತ್ತದೆ. ಬಿಸಿಲಿನಿಂದ ತಂದ ಅರಿವೆಯನ್ನು ಕೂಡಲೇ ತುಂಬದೆ, ನೆರಳಿನಲ್ಲಿ ಆರಲು ಬಿಟ್ಟು, ಸಂಜೆಯ ತಂಪು ಏರುವ ಮುನ್ನ ಮುಚ್ಚಬೇಕು. ಬಿಸಿ ಗಂಟಿನಿಂದ ಹೊರಟ ಆವಿ ತಣ್ಣನೆಯ ತಗಡಿನ ಒಳಮೈಯಲ್ಲಿ ಸೇರುತ್ತದೆ.

ಶಾಲೆಯಲ್ಲಿ ಇದನ್ನು ತೂಗಿ ನೋಡಬಹುದು. ಸುಮಾರು ಒಂದು ಕಿಲೋಗ್ರಾಂ ಹಳೆಯ ಹತ್ತಿ ಬಟ್ಟೆ, ಅಷ್ಟೇ ತೂಕದ ಪಾಲಿಯೆಸ್ಟರ್ ಸೀರೆಗಳು, ಒಂದು ಗ್ರಾಂ ವ್ಯತ್ಯಾಸ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಎರಡನ್ನೂ ತರಗತಿಯಲ್ಲಿ ಹರವಿಟ್ಟು ಜುಲೈನಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆ ತೂಗಿ ನಕ್ಷೆ ಬರೆಯಿಸಿ. ಹತ್ತಿಯ ತೂಕ ಹತ್ತಾರು ಗ್ರಾಂ ಏರಿಳಿಯುತ್ತದೆ. ಪಾಲಿಯೆಸ್ಟರ್ ಹೀರುವ ನೀರು ಶೇಕಡಾ 0.4ರಷ್ಟೇ ಆದುದರಿಂದ ಅದರ ಗೆರೆ ಹೆಚ್ಚುಕಡಿಮೆ ನೇರವಾಗಿರುತ್ತದೆ.

ವಿಂಗಡಣೆ ಬಣ್ಣದಿಂದಲ್ಲ, ಎಳೆಯಿಂದ

ಕೌದಿ ಹೊಲಿಯುವವರು ಅರಿವೆಯನ್ನು ಸಾಮಾನ್ಯವಾಗಿ ಬಣ್ಣ ನೋಡಿ ಜೋಡಿಸುತ್ತಾರೆ. ಹೊಲಿಯುವಾಗ ಅದು ಸರಿ. ಶೇಖರಿಸುವಾಗ ಎಳೆಯ ಜಾತಿ ಮುಖ್ಯ, ಏಕೆಂದರೆ ಹುಳುಗಳು ಜಾತಿ ನೋಡಿಯೇ ತಿನ್ನುತ್ತವೆ. ಉಣ್ಣೆ, ರೇಷ್ಮೆ ಪ್ರೋಟೀನು ಎಳೆಗಳು. ಬಟ್ಟೆಯ ನುಸಿಯ ಮರಿಗಳಿಗೆ ಅವೇ ಆಹಾರ. ಹತ್ತಿಯ ಶತ್ರು ಬೆಳ್ಳಿಮೀನು ಎಂಬ ರೆಕ್ಕೆಯಿಲ್ಲದ, ಹೊಳಪಿನ ಕೀಟ. ಅದಕ್ಕೆ ಹತ್ತಿಗಿಂತ ಹತ್ತಿಗೆ ಹಾಕಿದ ಗಂಜಿಯೇ ಹೆಚ್ಚು ಇಷ್ಟ. ಇಸ್ತ್ರಿಯಾಗಿ ಗರಿಗರಿಯಾಗಿದ್ದ ಧೋತರ ಮೊದಲು ತೂತಾಗುವುದು ಇದರಿಂದಲೇ. ಆದುದರಿಂದ ಗಂಜಿಯನ್ನು ಪೂರ್ತಿ ತೊಳೆದೇ ಅರಿವೆಯನ್ನು ಗಂಟಿಗೆ ಸೇರಿಸಬೇಕು. ಬೆವರು, ಎಣ್ಣೆ, ಸಾರಿನ ಕಲೆಗಳೂ ಹುಳುಗಳನ್ನು ಕರೆಯುತ್ತವೆ.

ಇಳಕಲ್ ಸೀರೆ ಇಲ್ಲಿ ಒಳ್ಳೆಯ ಪಾಠ. ಅದರ ಒಡಲು ಹತ್ತಿ ಇದ್ದರೂ ಸೆರಗು ಹಲವು ವೇಳೆ ರೇಷ್ಮೆ ಅಥವಾ ಕೃತಕ ರೇಷ್ಮೆಯದು. ಎರಡರ ಹಾಸನ್ನು ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ. ಒಂದೇ ಸೀರೆಯಲ್ಲಿ ಎರಡು ಜಾತಿಯ ಎಳೆ! ಸೆರಗನ್ನು ಕತ್ತರಿಸಿ ಬೇರೆ ಇಡುವುದು ಲೇಸು. ಯಾವ ಎಳೆ ಎಂದು ಅನುಮಾನ ಬಂದರೆ ಒಂದೆರಡು ದಾರವನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿ, ಕೃತಕ ರೇಷ್ಮೆ ಕಾಗದದ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತವೆ. ರೇಷ್ಮೆ, ಉಣ್ಣೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. (ಮಕ್ಕಳು ಉಪಾಧ್ಯಾಯರ ಎದುರಿನಲ್ಲೇ ಮಾಡಬೇಕು, ಕರಗಿದ ಮಣಿಯನ್ನು ಮುಟ್ಟಬಾರದು.)

ಇನ್ನು ಪೆಟ್ಟಿಗೆ. ತಗಡಿನ ಟ್ರಂಕಿನ ದೋಷ ತುಕ್ಕು. ಕಬ್ಬಿಣದ ಕಲೆ ಹೋಗುವುದಿಲ್ಲ ಎಂಬುದಷ್ಟೇ ಅಲ್ಲ, ಆ ಜಾಗದಲ್ಲಿ ಸೆಲ್ಯುಲೋಸ್‌ನ ಆಕ್ಸಿಡೀಕರಣವನ್ನೂ ಕಬ್ಬಿಣ ಚುರುಕುಗೊಳಿಸುತ್ತದೆ. ಒಳಗೆ ತೊಳೆದ ಬಿಳಿ ಹತ್ತಿ ಬಟ್ಟೆ ಹಾಸಿ. ಹಳೆಯ ವೃತ್ತಪತ್ರಿಕೆ ಬೇಡ. ಅದರ ಕಾಗದ ಆಮ್ಲೀಯ. ಪಾಲಿಥೀನ್ ಚೀಲ, ಪಾಲಿಪ್ರೊಪಿಲೀನ್ ಡಬ್ಬಿಗಳು ಒಣ ಅರಿವೆಗೆ ನಡೆಯುತ್ತವೆ; ಪಿವಿಸಿ ಹಾಳೆ ಬೇಡ.

ನುಸಿಗುಳಿಗೆ ಮತ್ತು ಹಸುಗೂಸು

ಇಷ್ಟೆಲ್ಲ ಏಕೆ, ನಾಲ್ಕು ನುಸಿಗುಳಿಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಡಾಂಬರ ಗುಳಿಗೆ ಎಂದೂ ಕರೆಯುವ ಇದು ಬಹುಕಾಲ ನ್ಯಾಫ್ತಲೀನ್‌ನದೇ ಆಗಿತ್ತು, ಈಗಲೂ ಮಾರಾಟದಲ್ಲಿದೆ. ಉತ್ಪತನಕ್ಕೆ ಉದಾಹರಣೆಯಾಗಿ ತರಗತಿಯಲ್ಲಿ ಇದನ್ನು ಹೇಳಿಕೊಡುತ್ತೇವೆ. ಘನದಿಂದ ನೇರವಾಗಿ ಆವಿಯಾದ ನ್ಯಾಫ್ತಲೀನ್ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ಅರಿವೆಯೊಳಗೆ ಸೇರುತ್ತದೆ. ಆ ಅರಿವೆಯಿಂದ ಹೊಲಿದ ಕೌದಿ ತೊಟ್ಟಿಲಿಗೆ ಹೋಗುತ್ತದೆ.

ನಮ್ಮ ಕೆಂಪು ರಕ್ತಕಣಗಳನ್ನು ಆಕ್ಸಿಡೀಕರಣದಿಂದ ಕಾಪಾಡುವ ಕಿಣ್ವಗಳಲ್ಲಿ ಜಿ6ಪಿಡಿ ಒಂದು. ಹುಟ್ಟಿನಿಂದಲೇ ಇದರ ಕೊರತೆ ಇರುವವರು ಭಾರತದಲ್ಲಿ ಸಾಕಷ್ಟಿದ್ದಾರೆ. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಲ್ಲಿ ಹೆಚ್ಚು. ಅಂಥ ಮಗುವಿನ ದೇಹಕ್ಕೆ ನ್ಯಾಫ್ತಲೀನ್ ಸೇರಿದರೆ ರಕ್ತಕಣಗಳು ಒಡೆಯುತ್ತವೆ, ಕಾಮಾಲೆ ಏರುತ್ತದೆ. ತೀವ್ರವಾದರೆ ಮಿದುಳಿಗೇ ಹಾನಿ. ನವಜಾತ ಶಿಶುವಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಕೊರತೆ ಇಲ್ಲದ ಕೂಸಿಗೂ ಅಪಾಯ ತಪ್ಪಿದ್ದಲ್ಲ. 1963ರಲ್ಲಿ ಗ್ರೀಸ್‌ನ ವೈದ್ಯರು ನ್ಯಾಫ್ತಲೀನ್ ಆವಿಯನ್ನು ಉಸಿರಾಡಿದ್ದರಿಂದಲೇ ರಕ್ತಕಣಗಳು ಒಡೆದ 21 ಶಿಶುಗಳ ವರದಿ ಪ್ರಕಟಿಸಿದರು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ನಮ್ಮ ಪದ್ಧತಿಯೂ ಇಲ್ಲಿ ಗಮನಿಸಬೇಕಾದದ್ದು. ನ್ಯಾಫ್ತಲೀನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಎಣ್ಣೆ ಹಚ್ಚಿದ ಚರ್ಮದ ಮೂಲಕ ಒಳಹೋಗುವುದು ಸುಲಭ. ಗುಳಿಗೆಯ ಬದಲು ಕರ್ಪೂರ ಎಂಬುದೂ ಕೂಸಿನ ಅರಿವೆಗೆ ಒಪ್ಪುವ ಮಾತಲ್ಲ, ಅದೂ ಎಳೆಯ ಮಕ್ಕಳಿಗೆ ವಿಷವೇ.

ತೊಳೆದ, ಗಂಜಿಯಿಲ್ಲದ, ಬಿಸಿಲುಂಡ ಹತ್ತಿಗೆ ಗುಳಿಗೆಯ ಅಗತ್ಯವೇ ಇಲ್ಲ. ಹುಳು ಬಿದ್ದ ಬೆಲೆಬಾಳುವ ರೇಷ್ಮೆಯ ತುಂಡಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುವ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ಬಿಚ್ಚುವ ಮೊದಲು ಅದು ಕೋಣೆಯ ಉಷ್ಣತೆಗೆ ಬರಲಿ. ಟ್ರಂಕಿನಲ್ಲಿ ಈಗಾಗಲೇ ಗುಳಿಗೆ ಇದ್ದರೆ ತೆಗೆದುಬಿಡಿ. ಅರಿವೆಯನ್ನು ಒಮ್ಮೆ ನೀರಿನಲ್ಲಿ ಅದ್ದಿ ತೆಗೆದರೆ ಸಾಲದು. ಸಾಬೂನಿನಲ್ಲಿ ತೊಳೆದು, ಹೊರಗೆ ಗಾಳಿ ಬಿಸಿಲಿನಲ್ಲಿ ವಾಸನೆ ಸ್ವಲ್ಪವೂ ಉಳಿಯದಂತಾಗುವವರೆಗೆ ಹಲವು ದಿನ ಹರವಿ. ಅಂಥ ಅರಿವೆ ಏನಿದ್ದರೂ ದೊಡ್ಡವರು ಹೊದೆಯುವ ಕೌದಿಗೆ ಇರಲಿ. ತೊಟ್ಟಿಲ ಕೌದಿಯ ತುಂಡುಗಳಿಗೆ ಮೊದಲಿನಿಂದಲೂ ಬೇರೆಯೇ ಗಂಟು ಕಟ್ಟಿ, ಮೇಲೆ ಚೀಟಿ ಹೊಲಿದಿಡಿ.