ರಂಜಾನ್ ರಜೆಯ ದಿನ ವರ್ಷ ವರ್ಷ ಬದಲಾಗುವುದೇಕೆ?

ಹಿಜರಿ ಪಂಚಾಂಗ ಪೂರ್ತಿಯಾಗಿ ಚಂದ್ರನನ್ನೇ ನಂಬಿದೆ. ಅದರ ಹನ್ನೆರಡು ತಿಂಗಳು ಕೂಡಿದರೆ 354 ಅಥವಾ 355 ದಿನ. ಹಾಗಾಗಿ ರಂಜಾನ್, ಬಕ್ರೀದ್, ಮೊಹರಂ, ಈದ್ ಮಿಲಾದ್ ಪ್ರತಿ ವರ್ಷ 10–11 ದಿನ ಮುಂಚಿತವಾಗಿ ಬರುತ್ತವೆ; ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಯುಗಾದಿಯೂ ಚಂದ್ರನ ಲೆಕ್ಕದ ಹಬ್ಬವೇ. ಆದರೆ ಅಲ್ಲಿ ಅಧಿಕಮಾಸ ಸೇರಿಸಿ ಋತುವಿಗೆ ಹೊಂದಿಸುತ್ತಾರೆ. 2023ರಲ್ಲಿ ಯುಗಾದಿಗೂ ರಂಜಾನ್‌ಗೂ ಒಂದು ತಿಂಗಳ ಅಂತರವಿತ್ತು. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ರಂಜಾನ್.

ತಿಂಗಳ 29ನೇ ದಿನ ಸಂಜೆ ಬಾಲಚಂದ್ರ ಕಂಡರೆ ಮರುದಿನ ಹೊಸ ತಿಂಗಳು. ಕಾಣದಿದ್ದರೆ 30 ದಿನ ತುಂಬಬೇಕು. ರಾಜ್ಯ ಸರ್ಕಾರವಾದರೋ ರಜೆಪಟ್ಟಿಯನ್ನು ಹಿಂದಿನ ವರ್ಷದ ಕೊನೆಯಲ್ಲೇ, ಗಣಿತದ ಆಧಾರದ ಮೇಲೆ ಪ್ರಕಟಿಸುತ್ತದೆ. ಹಬ್ಬ ಆ ದಿನ ಬೀಳದಿದ್ದರೆ, ಸರ್ಕಾರಿ ಸೇವೆಯಲ್ಲಿರುವ ಮುಸ್ಲಿಮರಿಗೆ ಬದಲಾಗಿ ಹಬ್ಬದ ದಿನವೇ ರಜೆ ನೀಡಬಹುದು ಎಂಬ ಸೂಚನೆ ಅದರಲ್ಲಿರುತ್ತದೆ. ಇದು ಬಹಳ ಅಗತ್ಯವಾದ ಸೂಚನೆ. ಏಕೆಂದರೆ ಒಂದೇ ರಾಜ್ಯದಲ್ಲೂ ಹಬ್ಬ ಎರಡು ದಿನ ಆಗುವುದುಂಟು: 2024ರಲ್ಲಿ ಕೇರಳದ ಚಂದ್ರದರ್ಶನವನ್ನು ಅನುಸರಿಸಿ ದಕ್ಷಿಣ ಕನ್ನಡ, ಉಡುಪಿಯಲ್ಲಿ ಏಪ್ರಿಲ್ 10ರಂದು ಹಬ್ಬವಾಯಿತು; ಬೆಂಗಳೂರು ಕಡೆ 11ರಂದು.

ಬಕ್ರೀದ್ ವಿಷಯದಲ್ಲಿ ಇಷ್ಟು ಆತುರವಿಲ್ಲ. ಅದು ಜಿಲ್‌ಹಜ್ ತಿಂಗಳ ಹತ್ತನೇ ದಿನ ಬರುವುದರಿಂದ, ಚಂದ್ರ ಕಂಡ ಮೇಲೂ ರಜೆ ಹೊಂದಿಸಲು ಒಂಬತ್ತು ದಿನ ಸಿಗುತ್ತದೆ.