ಸಿಡಿಲಿನ ಅಲೆಯಿಂದ ಅಯಾನುಗೋಳದ ಎತ್ತರ

ಸಿಡಿಲು ಹೊಡೆದಾಗ ಬೆಳಕು, ಗುಡುಗಿನ ಜೊತೆಗೆ ರೇಡಿಯೊ ಅಲೆಗಳೂ ಹೊಮ್ಮುತ್ತವೆ. ಎಎಂ ರೇಡಿಯೊದಲ್ಲಿ ಕೇಳುವ ಚಟಪಟ ಅದೇ. ಆದರೆ ಈ ಅಲೆಗಳು ಅತಿ ಜೋರಾಗಿರುವುದು ಅದಕ್ಕಿಂತ ಬಹಳ ಕೆಳಗೆ, 5ರಿಂದ 10 ಕಿಲೋಹರ್ಟ್ಸ್ ಸುಮಾರಿನಲ್ಲಿ. ಕಂಪ್ಯೂಟರಿನ ಸೌಂಡ್ ಕಾರ್ಡ್ ಹಿಡಿಯುವುದೂ ಇದೇ ಶ್ರೇಣಿಯನ್ನು. ಹಾಗಾಗಿ ತಂತಿ ಸುತ್ತಿದ ಒಂದು ಆಂಟೆನಾ, ಸಣ್ಣ ಆಂಪ್ಲಿಫೈಯರ್, ಮೈಕ್ ಸಿಕ್ಕಿಸುವ ಕಿಂಡಿ ಇದ್ದರೆ ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರದ, ಎತ್ತರ ಅಳೆಯುವ ಕೆಲಸ ಶುರು ಮಾಡಬಹುದು.

ಗುಡುಗು ಕೇಳುವಷ್ಟು ಹತ್ತಿರ ಮೋಡವಿದ್ದರೆ ಮಾತ್ರ ಆಂಟೆನಾ ಹತ್ತಿರವೂ ಸುಳಿಯಬೇಡಿ, ಮನೆಯೊಳಗಿರಿ. ನಮಗೆ ಬೇಕಾದದ್ದು ಸಾವಿರಾರು ಕಿಲೋಮೀಟರ್ ಆಚೆಯ ಸಿಡಿಲು. ಇಲ್ಲಿ ಆಕಾಶ ತಿಳಿಯಾಗಿರುವ ರಾತ್ರಿಯೇ ಒಳ್ಳೆಯದು.

ಮನೆಯ ವೈರಿಂಗ್‌ನ 50 ಹರ್ಟ್ಸ್ ಗುಂಯ್ ಸದ್ದು, ಅದರ 100, 150ರ ಮಡಿಗಳು ಎಲ್ಲವನ್ನೂ ಮುಚ್ಚಿಬಿಡುತ್ತವೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ, ವಿದ್ಯುತ್ ಲೈನಿನಿಂದ ದೂರದ ಬಯಲಿಗೆ ಹೋಗಿ, ಸೆಕೆಂಡಿಗೆ 48,000 ಸ್ಯಾಂಪಲ್‌ಗಳಂತೆ ರೆಕಾರ್ಡ್ ಮಾಡಿಕೊಳ್ಳಿ. ಇದರಿಂದ 24 ಕಿಲೋಹರ್ಟ್ಸ್‌ವರೆಗೆ ನೋಡಬಹುದು. ತಿರುನೆಲ್ವೇಲಿ ಬಳಿಯ ಐಎನ್ಎಸ್ ಕಟ್ಟಬೊಮ್ಮನ್ ಕೇಂದ್ರದಿಂದ ನಮ್ಮ ನೌಕಾಪಡೆ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ 18.2 ಕಿಲೋಹರ್ಟ್ಸ್ ಗೆರೆ ಕಂಡರೆ ನಿಮ್ಮ ಆಂಟೆನಾ ಸರಿಯಿದೆ ಎಂದೇ ಅರ್ಥ.

ಫೈಲನ್ನು ಅಡಾಸಿಟಿ ಎಂಬ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿ. ತಂತ್ರಾಂಶ ಸಂಕೇತವನ್ನು ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ಯಾವ ಆವರ್ತನ ಎಷ್ಟಿದೆ ಎಂದು ಎಫ್ಎಫ್‌ಟಿ ಲೆಕ್ಕದಿಂದ ಬಿಡಿಸುತ್ತದೆ. ತುಂಡಿನ ಅಳತೆಯನ್ನು ನೀವೇ ಆರಿಸಬೇಕು, ಫಲಿತಾಂಶ ನಿಂತಿರುವುದೇ ಇದರ ಮೇಲೆ. 8192 ಸ್ಯಾಂಪಲ್ ಇಟ್ಟರೆ ಆವರ್ತನ 6 ಹರ್ಟ್ಸ್‌ವರೆಗೆ ನಿಖರ, ಆದರೆ ತುಂಡು 171 ಮಿಲಿಸೆಕೆಂಡ್ ಉದ್ದ. ಹತ್ತಾರು ಮಿಲಿಸೆಕೆಂಡ್ ಮಾತ್ರ ಬಾಳುವ ಸಿಡಿಲಿನ ಸಂಕೇತ ಅದರಲ್ಲಿ ಕಲಸಿಹೋಗುತ್ತದೆ. 1024 ಇಟ್ಟರೆ ತುಂಡು 21 ಮಿಲಿಸೆಕೆಂಡ್, ಆವರ್ತನದ ನಿಖರತೆ 47 ಹರ್ಟ್ಸ್. ನನ್ನ ಮಟ್ಟಿಗೆ ಸಿಡಿಲಿಗೆ ಇದೇ ಸರಿ.

ಈಗ ತೆರೆಯ ಮೇಲೆ ನೆಟ್ಟಗಿನ ಗೆರೆಗಳು ಕಾಣುತ್ತವೆ, ಒಂದೊಂದೂ ಒಂದು ಸಿಡಿಲು. ರಾತ್ರಿಯಲ್ಲಿ ಕೆಲವು ಗೆರೆಗಳು ಬುಡದಲ್ಲಿ ಹಾಕಿ ಸ್ಟಿಕ್ಕಿನಂತೆ ಬಲಕ್ಕೆ ಬಾಗಿರುತ್ತವೆ. ಇವಕ್ಕೆ ಟ್ವೀಕ್ ಎಂದು ಹೆಸರು. ನೆಲ ಮತ್ತು ಅಯಾನುಗೋಳದ ನಡುವೆ ಪುಟಿಯುತ್ತಾ ಬರುವಾಗ ಒಂದು ಮಿತಿಗೆ ಹತ್ತಿರದ ಆವರ್ತನಗಳು ಹಿಂದೆ ಬಿದ್ದು ತಡವಾಗಿ ತಲುಪುವುದರಿಂದ ಈ ಬಾಗಿದ ಬಾಲ. ಹಗಲಲ್ಲಿ ಅಯಾನುಗೋಳದ ಕೆಳಪದರ ಅವನ್ನು ಹೀರಿಬಿಡುವುದರಿಂದ ಬಾಲ ಕಾಣುವುದಿಲ್ಲ.

ಬಾಲ ಸಮತಟ್ಟಾಗುವ ಕಡೆ ಕರ್ಸರ್ ಇಟ್ಟು ಆವರ್ತನ ಓದಿ. ಅದೇ ಆ ಮಿತಿ; ಅಲ್ಲಿ ಅರ್ಧ ಅಲೆಯುದ್ದ ನೆಲದಿಂದ ಪದರದವರೆಗಿನ ಎತ್ತರಕ್ಕೆ ಸಮ. 1,700 ಹರ್ಟ್ಸ್ ಬಂತು ಎನ್ನಿ. ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿಲೋಮೀಟರ್. ಅದನ್ನು 1,700ರ ಎರಡರಷ್ಟರಿಂದ ಭಾಗಿಸಿದರೆ ಸುಮಾರು 88. ಆ ಹೊತ್ತಿನಲ್ಲಿ ಅಲೆಗಳು ತಾಗಿ ಮರಳಿದ ಪದರ ಅಷ್ಟು ಕಿಲೋಮೀಟರ್ ಮೇಲಿತ್ತು. ರಾಕೆಟ್ ಹಾರಿಸದೆ ಇಂಥ ಅಳತೆ ಸಿಗುವುದು ಸಣ್ಣ ಮಾತಲ್ಲ. ಓದುವಾಗ 47 ಹರ್ಟ್ಸ್ ಆಚೀಚೆಯಾದರೆ ಎತ್ತರದಲ್ಲಿ ಎರಡೂವರೆ ಕಿಲೋಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಒಂದೇ ಟ್ವೀಕ್ ನಂಬದೆ, ಅದೇ ಗಂಟೆಯ ಹತ್ತಿಪ್ಪತ್ತನ್ನು ಅಳೆದು ಸರಾಸರಿ ತೆಗೆಯಿರಿ.